ಟಿನ್ ಸಲ್ಫೈಡಿನ ಮನೆತನ

ದಯವಿಟ್ಟು ನಮ್ಮ ಮನೆಯವರನ್ನು ಟೈಮ್ ಎಷ್ಟು ಅಂತ ಮಾತ್ರ ಕೇಳಬೇಡಿ. ನಿಮ್ಮ ಬಸ್ಸು ತಪ್ಪಿಹೋಗುತ್ತದೆ. ಕೈಯಲ್ಲಿ ವಾಚ್ ಇಲ್ಲವೇ ಎಂದರೆ, ಇದೆ. ಜೇಬಿನಲ್ಲಿ ಮೊಬೈಲೂ ಇದೆ. ತೊಂದರೆ ಇರುವುದೇ ಅಲ್ಲಿ! ಎರಡೂ ಒಂದೇ ಟೈಮ್ ತೋರಿಸುವುದಿಲ್ಲ. ಅವರು ಒಮ್ಮೆ ಕೈ ನೋಡಿಕೊಂಡು, ಒಮ್ಮೆ ಮೊಬೈಲ್ ನೋಡಿಕೊಂಡು, ಆಮೇಲೆ ಬಸ್‌ಸ್ಟ್ಯಾಂಡಿನ ಗೋಡೆ ಗಡಿಯಾರದ ಕಡೆ ಕತ್ತೆತ್ತಿ, ಮೂರು ಥರ ಇದೆಯಲ್ಲ, ನಿಮಗೆ ಯಾವುದು ಬೇಕು ಎಂದು ಕೇಳುತ್ತಾರೆ. ಹೊಳೆನರಸೀಪುರದ ಸ್ಟ್ಯಾಂಡಿನಲ್ಲಿ ಹೀಗೆ ಕೇಳಿಸಿಕೊಂಡ ಅಜ್ಜಿಯೊಬ್ಬರು ನನ್ನ ಕಡೆ ತಿರುಗಿ, "ಪಾಪ, ಯಾವಾಗ್ಲಿಂದವ್ವಾ ಇಂಗೆ?" ಎಂದು ಮೆಲ್ಲಗೆ ವಿಚಾರಿಸಿದ್ದರು. ಮದುವೆಗೆ ಮುಂಚಿನಿಂದಲೂ ಹೀಗೇ ಎಂದು ಇದ್ದದ್ದನ್ನೇ ಹೇಳಿದೆ.

ಇವರು ಹೊಳೆನರಸೀಪುರದಲ್ಲಿ ಕಾಲೇಜೊಂದರ ಫಿಸಿಕ್ಸ್ ಮೇಷ್ಟ್ರು. ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ನನ್ನ ತವರು ಹಿರೀಸಾವೆ, ಅಲ್ಲಿ ಹೈವೇ ಪಕ್ಕದಲ್ಲಿ ನಮ್ಮಪ್ಪನದೊಂದು ಹೋಟೆಲಿತ್ತು. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಎಂದು ನಮ್ಮಜ್ಜಿ ಕಲಿಸಿದ್ದನ್ನು ನಾನು ಎಲ್ಲೂ ಪಾಲಿಸಿದವಳಲ್ಲ. ಈ ಬರಹದಲ್ಲಿ ಮಾತ್ರ ಪಾಲಿಸುತ್ತೇನೆ. ನಾಳೆ ಇಬ್ಬರೂ ಊರಲ್ಲಿ ಓಡಾಡಬೇಕಲ್ಲ!

ನನ್ನನ್ನು ನೋಡಲು ಬಂದ ದಿನದ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ಉಪ್ಪಿಟ್ಟು, ಕೇಸರಿಬಾತು ಎಲ್ಲ ಆದ ಮೇಲೆ, ಹುಡುಗ ಏನಾದರೂ ಕೇಳುವುದಿದ್ದರೆ ಕೇಳಲಿ ಎಂದು ಹಿರಿಯರು ಅಪ್ಪಣೆ ಕೊಟ್ಟರು. ಹಾಡು ಬರುತ್ತಾ ಅನ್ನುತ್ತಾರೆ, ಅಡುಗೆ ಬರುತ್ತಾ ಅನ್ನುತ್ತಾರೆ ಎಂದು ನಾನು ಎರಡಕ್ಕೂ ಸುಳ್ಳು ತಯಾರು ಮಾಡಿಕೊಂಡು ನಿಂತಿದ್ದೆ. ಇವರು ಗಂಟಲು ಸರಿಮಾಡಿಕೊಂಡು, ಜಾತಕದ ಜೊತೆ ಕಳಿಸಿದ ಚೀಟಿಯಲ್ಲಿ ಹುಡುಗಿ ಐದು ಅಡಿ ಎರಡು ಇಂಚು ಅಂತ ಇದೆ, ಮಧ್ಯಸ್ಥರು ಐದು ಅಡಿ ಮೂರು ಇಂಚು ಅಂದರು, ಎರಡರಲ್ಲಿ ಯಾವುದು ಸರಿ ಎಂದು ಕೇಳಿದರು. ಅಪ್ಪನ ಮುಖದ ಬಣ್ಣ ಬದಲಾಯಿತು. ಮಧ್ಯಸ್ಥರು ಕೇಸರಿಬಾತಿನ ತಟ್ಟೆಯೊಳಗೆ ಮುಖ ಇಟ್ಟರು. ನಮ್ಮಜ್ಜಿ ಮಾತ್ರ ಕೂತಲ್ಲಿಂದಲೇ, "ಅಳ್ಕಂಡೇ ಓಗಪ್ಪ, ಮುಂದೆ ಜಗಳ ಬ್ಯಾಡ" ಎಂದು ಚುಚ್ಚಿದರು.

ಅಜ್ಜಿ ಚುಚ್ಚಿದ್ದು ಅಂತ ಅವರಿಗೆ ತಿಳಿಯಬೇಕಲ್ಲ? ಟೇಪ್ ಇದೆಯಾ ಎಂದರು! ಹೊಲಿಗೆ ಮಿಷಿನ್ನಿನ ಡ್ರಾಯರಿನಿಂದ ಟೇಪ್ ಬಂತು. ನಮ್ಮಣ್ಣ ನನ್ನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ತಲೆಯ ಮೇಲೆ ಸ್ಕೇಲ್ ಇಟ್ಟು ಅಳೆದ. ಐದು ಅಡಿ ಎರಡೂವರೆ ಇಂಚು. ಇಬ್ಬರೂ ತಪ್ಪು ಎಂದು ಇವರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಆ ಗಲಾಟೆಯಲ್ಲಿ ನನ್ನ ಮುಖವನ್ನು ನೋಡಿದರೋ ಇಲ್ಲವೋ ನನಗೆ ಇವತ್ತಿಗೂ ಅನುಮಾನ. ಅವರು ಹೋದ ಮೇಲೆ ಅಪ್ಪ, ಈ ಹುಡುಗ ಬೇಡ, ತಲೆ ನೆಟ್ಟಗಿಲ್ಲ ಎಂದರು. ನಾನು ಇವರೇ ಆಗಲಿ ಎಂದು ಹೇಳಿದೆ. ನನ್ನ ಅರ್ಧ ಇಂಚಿನ ಮೇಲೆ ಅಷ್ಟು ಆಸ್ಥೆ ತೋರಿಸಿದವರು ಅದುವರೆಗೆ ಯಾರೂ ಇರಲಿಲ್ಲ.

ಮದುವೆಯಾಗಿ ಹಳ್ಳಿಮೈಸೂರಿನ ಅವರ ಮನೆಗೆ ಬಂದ ಮೇಲೆ ತಿಳಿಯಿತು, ಊರಿನವರೂ ಇವರನ್ನು ಕಂಡರೆ ಅಂಕಿ ಮಾತಾಡುವುದಿಲ್ಲ. ಒಂದು ರಜೆಯಲ್ಲಿ ನಮ್ಮ ಭಾವ, ಅಂದರೆ ಇವರ ಅಣ್ಣ, ಡೇರಿಗೆ ಹಾಲು ಹಾಕಲು ಹೊರಟಾಗ ಇವರೂ ಜೊತೆಗೆ ಹೋದರು. ಡೇರಿಯಲ್ಲಿ ಹಾಲಿನ ಫ್ಯಾಟ್ ಎಷ್ಟೆಂದು ಮಿಷಿನ್ ಹೇಳುತ್ತದೆ, ಅದರ ಮೇಲೆ ರೇಟು. ಭಾವನ ಹಾಲಿಗೆ ಅವತ್ತು ಎಂದೂ ಬಾರದಷ್ಟು ಒಳ್ಳೆಯ ಫ್ಯಾಟ್ ಬಂದಿತ್ತು. ಭಾವ ಬಾಯಿ ಮುಚ್ಚಿಕೊಂಡು ಕ್ಯಾನು ಎತ್ತಿಕೊಂಡರು. ಆದರೆ ಪಕ್ಕದಲ್ಲಿ ತಮ್ಮ ಇದ್ದಾನಲ್ಲ! ಒಂದೇ ಸಲ ನೋಡಿದರೆ ಏನು ಗೊತ್ತಾಗುತ್ತದೆ, ಇನ್ನೆರಡು ಸಲ ಹಾಕಿ ಸರಾಸರಿ ತೆಗೆಯಿರಿ ಎಂದು ಹಟ ಹಿಡಿದರು. ಹಿಂದೆ ಬೋಸಿ ಹಿಡಿದು ನಿಂತವರೆಲ್ಲ ಗೊಣಗಿದರೂ ಬಿಡಲಿಲ್ಲ. ಎರಡನೇ ಸಲ ಇಳಿಯಿತು. ಮೂರನೇ ಸಲ ಇನ್ನೂ ಇಳಿಯಿತು. ಭಾವ ಇವರ ಜೊತೆ ಮಾತು ಬಿಟ್ಟರು, ಗೌರಿಹಬ್ಬಕ್ಕೆ ಮನೆಗೆ ಬಂದಾಗಲೂ ನನ್ನನ್ನಷ್ಟೇ ಮಾತಾಡಿಸಿ ಹೋದರು.

ಇಂಥವರು ಪಿಎಚ್.ಡಿ. ಮಾಡಲು ಹೊರಟರೆ ಏನಾಗಬೇಕೋ ಅದೇ ಆಯಿತು.

ಅವರ ವಿಷಯ ಅರೆವಾಹಕಗಳು. ಮೊಬೈಲಿನೊಳಗೆ, ಮನೆ ಮೇಲಿನ ಸೋಲಾರ್ ಪ್ಲೇಟಿನೊಳಗೆ ಇರುತ್ತವಲ್ಲ, ಅವು. ಕರೆಂಟನ್ನು ಪೂರ್ತಿ ಬಿಡುವುದೂ ಇಲ್ಲ, ಪೂರ್ತಿ ತಡೆಯುವುದೂ ಇಲ್ಲ ಎಂದು ನನಗೆ ವಿವರಿಸಿದರು. ನಮ್ಮ ಅತ್ತೆ ನನ್ನ ಯಾವ ಮಾತಿಗೂ ಹೂಂ ಎಂದೂ ಅನ್ನದೆ ಊಹೂಂ ಎಂದೂ ಅನ್ನದೆ ಇರುತ್ತಿದ್ದರಲ್ಲ, ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ಇವರು ಹಿಡಿದದ್ದು ಟಿನ್ ಸಲ್ಫೈಡ್ ಎಂಬ ಬೂದು ಬಣ್ಣದ ಒಂದು ಪದಾರ್ಥ. ಅಗ್ಗದ ಸೋಲಾರ್ ಪ್ಲೇಟಿಗೆ ಅದು ಆಗುತ್ತದೋ ಇಲ್ಲವೋ ಎಂಬುದು ಪ್ರಶ್ನೆ. ಮಗಳು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಈ ಪ್ರಶ್ನೆ ಶುರುವಾಯಿತು, ಈಗ ಅವಳೇ ಡಿಗ್ರಿಗೆ ಬಂದಿದ್ದಾಳೆ. ಅಪ್ಪಾ, ಘಟಿಕೋತ್ಸವಕ್ಕೆ ಇಬ್ಬರೂ ಒಂದೇ ಆಟೋದಲ್ಲಿ ಹೋಗೋಣ ಬಿಡು ಎಂದು ಅವಳು ರೇಗಿಸುತ್ತಿದ್ದಳು.

ಕಳೆದ ವರ್ಷದ ಹೊತ್ತಿಗೆ ಥೀಸಿಸ್ ಎಲ್ಲ ಮುಗಿದಿತ್ತು. ಒಂದೇ ಒಂದು ಖಾಲಿ ಮನೆ ಬಿಟ್ಟು! ಎರಡನೇ ಅಧ್ಯಾಯದಲ್ಲಿ ಒಂದು ಕೋಷ್ಟಕ, ಅದರಲ್ಲಿ ಪದಾರ್ಥದ ಗುಣಗಳೆಲ್ಲ ಸಾಲಾಗಿ ಇರಬೇಕು. ಕರೆಂಟ್ ಎಷ್ಟು ಹರಿಯುತ್ತದೆ, ಬೆಳಕನ್ನು ಎಷ್ಟು ಹೀರುತ್ತದೆ ಎಲ್ಲ ತುಂಬಿತ್ತು. ಬಿಸಿ ಎಷ್ಟು ಸಲೀಸಾಗಿ ದಾಟುತ್ತದೆ ಎನ್ನುವ ಅಂಕಿಯ ಜಾಗದಲ್ಲಿ ಮಾತ್ರ ಏನೂ ಇರಲಿಲ್ಲ. ಸಿಗಲಿಲ್ಲ ಎಂದಲ್ಲ, ಎರಡು ಸಿಕ್ಕಿದ್ದವು. ಒಂದು ಪುಸ್ತಕದಲ್ಲಿ ಒಂದು ಪಾಯಿಂಟ್ ಎಂಟು. ಇನ್ನೊಂದರಲ್ಲಿ ಒಂದು ಪಾಯಿಂಟ್ ಎರಡು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ಇವರಿಗೆ ಅನ್ನ ಸೇರದಾಯಿತು.

ಹಾಸನದಲ್ಲಿರುವ ಇವರ ಗೈಡ್ ಮೇಡಂ ಕೈಮುಗಿದು ಕೇಳಿಕೊಂಡರು. ಯಾವುದಾದರೂ ಒಂದನ್ನು ಬರೆದು, ಎಲ್ಲಿಂದ ತೆಗೆದುಕೊಂಡಿರಿ ಎಂದು ಕೆಳಗೆ ಹಾಕಿ ಮುಗಿಸಿರಿ, ಲೋಕವೆಲ್ಲ ಮಾಡುವುದು ಹಾಗೇ ಎಂದರು. ಪಾಪ, ಅವರಿಗೂ ರಿಟೈರ್‌ಮೆಂಟ್ ಹತ್ತಿರ ಬಂದಿತ್ತು. ವಿಶ್ವವಿದ್ಯಾಲಯ ಮೇಲಿಂದ ಮೇಲೆ ಕೊಟ್ಟಿದ್ದ ವಾಯಿದೆಗಳಲ್ಲಿ ಕೊನೆಯದು ದಸರಾ ರಜೆಗೆ ಮುಗಿಯುತ್ತಿತ್ತು. ಅದು ದಾಟಿದರೆ ನೋಂದಣಿ ರದ್ದು, ಇಷ್ಟು ವರ್ಷದ ಕೆಲಸ ಮಣ್ಣುಪಾಲು. ಇವರು ರಾತ್ರಿ ನಿದ್ದೆಯಿಲ್ಲದೆ ಮಗ್ಗುಲು ಬದಲಿಸುತ್ತಿದ್ದುದು ನನಗೆ ಗೊತ್ತಾಗುತ್ತಿತ್ತು. ತಮಾಷೆ ಮಾಡುತ್ತಿದ್ದೆನೇ ಹೊರತು ನನಗೂ ಒಳಗೆ ಭಯವೇ. ಆ ಡಿಗ್ರಿ ಕೈ ತಪ್ಪಿದರೆ ಈ ಮನುಷ್ಯ ಮತ್ತೆ ಮೇಲೇಳುವುದಿಲ್ಲ ಎನ್ನಿಸಿತ್ತು.

ನಾನೇ ಮೊಬೈಲಿನಲ್ಲಿ ಹುಡುಕಿಕೊಟ್ಟೆ. ಲೋಕದ ಅರೆವಾಹಕಗಳ ಗುಣಗಳನ್ನೆಲ್ಲ ಪಟ್ಟಿ ಮಾಡಿದ ಒಂದು ವೆಬ್‌ಸೈಟು, ಎಷ್ಟು ಚೆನ್ನಾಗಿತ್ತು ಅಂತೀರಿ! ಒಂದು ಪಾಯಿಂಟ್ ಎಂಟು ಎಂದು ಅದರಲ್ಲಿ ಸ್ಪಷ್ಟವಾಗಿ ಇತ್ತು. ಇಗೊಳ್ಳಿ, ಸಿಕ್ಕಿತು ಎಂದೆ. ಅವರಿಗೆ ಯಾರು ಹೇಳಿದರು ಎಂದು ಕೇಳಿದರು. ನೋಡಿದರೆ, ವೆಬ್‌ಸೈಟು ಒಂದು ಕೈಪಿಡಿಯಿಂದ ತೆಗೆದುಕೊಂಡಿತ್ತು. ಆ ಕೈಪಿಡಿ ಇನ್ನೊಂದು ಪುಸ್ತಕದಿಂದ. ಆ ಪುಸ್ತಕ ಮತ್ತೊಂದು ಹಳೆಯ ಕೈಪಿಡಿಯಿಂದ.

"ಎಲ್ರೂ ಪಕ್ಕದ ಮನೆಯಿಂದ ಹೆಪ್ಪಿಗೆ ಮಜ್ಜಿಗೆ ತಂದವ್ರೇ ಕಣೆ," ಎಂದರು. "ಹಾಲು ಕರೆದವ್ರು ಯಾರು?"

ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ವಿಚಾರಿಸುವ ಒಂದು ಪದ್ಧತಿ ಇದೆ. ಹುಡುಗನ ಮನೆಯವರು ಹೇಳಿದ್ದನ್ನು ಯಾರೂ ನಂಬುವುದಿಲ್ಲ. ಆ ಊರಿನಲ್ಲಿ ಒಬ್ಬರನ್ನು, ಪಕ್ಕದ ಊರಿನಲ್ಲಿ ಒಬ್ಬರನ್ನು, ಅವರಿಗೆ ಆಗದವರಲ್ಲಿ ಒಬ್ಬರನ್ನು ಕೇಳುತ್ತಾರೆ. ಫೋನಿನಲ್ಲಲ್ಲ, ಖುದ್ದಾಗಿ ಹೋಗಿ, ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ, ಏಳುವ ಹೊತ್ತಿಗೆ, ಅಂದಹಾಗೆ ಆ ಮನೆಯವರು ಹೇಗೆ ಎಂದು ಶುರು ಮಾಡುತ್ತಾರೆ. ಇವರು ಟಿನ್ ಸಲ್ಫೈಡಿಗೂ ಅದನ್ನೇ ಮಾಡಿದರು ನೋಡಿ!

ಆ ಹಳೆಯ ಕೈಪಿಡಿ ಚನ್ನರಾಯಪಟ್ಟಣದಲ್ಲಿ ಒಬ್ಬ ರಿಟೈರ್ಡ್ ಪ್ರೊಫೆಸರರ ಮನೆಯಲ್ಲಿದೆ ಎಂದು ತಿಳಿಯಿತು. ಒಂದು ಮುಖ್ಯ ವಿಷಯ ವಿಚಾರಿಸಬೇಕು, ಭಾನುವಾರ ಮನೆಯವರ ಜೊತೆ ಬರುತ್ತೇನೆ ಎಂದು ಫೋನಿನಲ್ಲಿ ತಿಳಿಸಿದರು. ವಿಷಯ ಏನೆಂದು ಹೇಳಬಾರದೇ? ಹೇಳಲಿಲ್ಲ, ಅದು ಮರ್ಯಾದೆ ಅಲ್ಲವಂತೆ. ಬರಿಗೈಯಲ್ಲಿ ಹೋಗಬಾರದು ಎಂದು ನಾನು ತೆಂಗಿನಕಾಯಿ, ಬಾಳೆಹಣ್ಣು, ಒಂದು ಮೊಳ ಹೂವು ತೆಗೆದುಕೊಂಡೆ. ಅಲ್ಲಿಂದ ಹಾಗೇ ಹಿರೀಸಾವೆಯ ಒಂದು ಆರತಕ್ಷತೆಗೆ ಹೋಗುವುದಿತ್ತು, ಅದಕ್ಕೆ ರೇಷ್ಮೆ ಸೀರೆ ಬೇರೆ ಉಟ್ಟಿದ್ದೆ. ನಮ್ಮ ಭಾವನ ಮಗನಿಗೆ ಹೆಣ್ಣು ನೋಡುತ್ತಿರುವುದು ಮೂರು ತಾಲ್ಲೂಕಿಗೆ ಗೊತ್ತಿದ್ದ ವಿಷಯ. ಇನ್ನು ಕೇಳಬೇಕೇ?

ನಾವು ಹೋದಾಗ ಮನೆ ಮುಂದೆ ದೊಡ್ಡ ರಂಗೋಲಿ. ಒಳಗೆ ನಾಲ್ಕಾರು ಜನ ಹಿರಿಯರು ಪಂಚೆ ಉಟ್ಟು ಗಂಭೀರವಾಗಿ ಕೂತಿದ್ದರು. ನನಗೆ ಬಾಗಿಲಲ್ಲೇ ವಾಸನೆ ಹೊಡೆಯಿತು. ಇವರಿಗೆಲ್ಲಿ? ತಟ್ಟೆಯಲ್ಲಿ ಹಣ್ಣು ಕಾಯಿ ಇಟ್ಟು ಮುಂದೆ ಸರಿಸಿ, ನೆಮ್ಮದಿಯಾಗಿ ಮಳೆಯ ವಿಚಾರ ತೆಗೆದರು. ಸ್ವಲ್ಪ ಹೊತ್ತಿಗೆ ಕಾಫಿ ಲೋಟಗಳ ತಟ್ಟೆ ಹಿಡಿದು ತಲೆ ತಗ್ಗಿಸಿಕೊಂಡು ಪ್ರೊಫೆಸರರ ಮಗಳು ಬಂದಳು. ಏನು ಓದಿದ್ದೀಯಮ್ಮ ಎಂದು ಇವರು ವಿಚಾರಿಸಿದರು. ಎಂ.ಎಸ್ಸಿ. ಫಿಸಿಕ್ಸ್ ಎಂದಳು. ಇವರಿಗೆ ಆದ ಸಂತೋಷವನ್ನು ಹೇಗೆ ಹೇಳಲಿ! ಕಾಫಿಯನ್ನು ಕೆಳಗಿಟ್ಟು, ಟಿನ್ ಸಲ್ಫೈಡಿನಲ್ಲಿ ಬಿಸಿ ಎಷ್ಟು ದಾಟುತ್ತದಮ್ಮ ಎಂದುಬಿಟ್ಟರು.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗಿಯ ತಾಯಿ ಅಡುಗೆಮನೆಯ ಬಾಗಿಲಲ್ಲಿ ಸೆರಗು ಕಚ್ಚಿಕೊಂಡು ನಿಂತರು. ಹೆಣ್ಣು ನೋಡಲು ಬಂದವರು ಇಷ್ಟು ಕಷ್ಟದ ಪ್ರಶ್ನೆ ಕೇಳಿದ್ದು ಆ ಮನೆಯ ಚರಿತ್ರೆಯಲ್ಲೇ ಮೊದಲಿರಬೇಕು. ಆದರೆ ಆ ಹುಡುಗಿ ಭಲೇ ಗಟ್ಟಿ. ಯಾರು ಅಳೆದಿದ್ದು ಅಂತ ನೋಡಿ ಹೇಳಬೇಕು ಸರ್, ಸುಮ್ಮನೆ ಹೇಳೋಕಾಗಲ್ಲ ಎಂದಳು. ಇವರು ತೊಡೆ ತಟ್ಟಿಕೊಂಡು, ನನ್ನ ಕಡೆ ತಿರುಗಿ, ಒಳ್ಳೆ ಹುಡುಗಿ ಕಣೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅಲ್ಲಿಗೆ ಮುಗಿಯಿತು! ಒಳಗಿನಿಂದ ಹೋಳಿಗೆ ಬಂತು. ನಾನು ಎಷ್ಟು ಸಮಜಾಯಿಷಿ ಹೇಳಿದರೂ ಯಾರೂ ಕೇಳಿಸಿಕೊಳ್ಳಲಿಲ್ಲ. ಮುಂದಿನ ವೈಶಾಖದಲ್ಲಿ ಆ ಹುಡುಗಿ ನಮ್ಮ ಭಾವನ ಸೊಸೆಯಾದಳು, ಭಾವ ಇವರ ಜೊತೆ ಬಾಯ್ತುಂಬ ಮಾತಾಡುವಂತಾದರು. ಇವರಿಗೆ ಮಾತ್ರ ಅವತ್ತು ಬೇಕಾಗಿದ್ದ ಅಂಕಿಯ ಮೂಲ ಅರ್ಧವಷ್ಟೇ ಸಿಕ್ಕಿತು.

ಆ ಅರ್ಧ ಏನೆಂದರೆ, ಕೈಪಿಡಿಯ ಕೊನೆಯಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, ಒಂದು ಪಾಯಿಂಟ್ ಎಂಟು ಎಂದು ಅಳೆದವರ ಹೆಸರುಗಳಿದ್ದವು. ಉತ್ತರದ ಯಾವುದೋ ಪ್ರಯೋಗಾಲಯ. ಮೂರು ಹೆಸರು, ಅದರಲ್ಲಿ ಕೊನೆಯದರ ಮುಂದೆ ಎ ಎಂಬ ಇನಿಷಿಯಲ್ಲು. ಆ ಹೆಸರನ್ನು ಓದಿದ ಕೂಡಲೇ ನಾನು, ರೀ, ಇದು ನಮ್ಮ ಕಡೆಯವರ ಹೆಸರು ಎಂದೆ. ಆ ಹೆಸರನ್ನು ಲೋಕದಲ್ಲಿ ಇನ್ಯಾರೂ ಮಕ್ಕಳಿಗೆ ಇಡುವುದಿಲ್ಲ. ನಮ್ಮಲ್ಲಿ ಹೆಸರಿನ ಮುಂದಿನ ಮೊದಲ ಅಕ್ಷರ ಊರಿನದು. ಹಾಗಾದರೆ ಎ ಅಂದರೆ ಯಾವ ಊರು? ನಮ್ಮ ಜಿಲ್ಲೆಯಲ್ಲೇ ಅರಸೀಕೆರೆ ಇದೆ, ಆಲೂರು ಇದೆ, ಅರಕಲಗೂಡು ಇದೆ! ಇವರು ಮೂರಕ್ಕೂ ಬಸ್ಸಿನ ವೇಳೆ ಬರೆದುಕೊಳ್ಳಲು ಕೂತರು. ನಾನು ಅರಕಲಗೂಡಿನ ನಮ್ಮ ಸೋದರತ್ತೆಗೆ ಒಂದು ಫೋನ್ ಮಾಡಿದೆ.

ಇಂಟರ್‌ನೆಟ್ಟಿನಲ್ಲಿ ತಿಂಗಳುಗಟ್ಟಲೆ ಸಿಗದಿದ್ದದ್ದು ನಮ್ಮತ್ತೆಗೆ ಸಾಯಂಕಾಲದೊಳಗೆ ಸಿಕ್ಕಿತು. "ಇದ್ದಾರೆ ಕಣವ್ವ, ಇಲ್ಲೇ ಮಗಳ ಮನೇಲವ್ರೆ. ಇಂದೆ ಎಲ್ಲೋ ದೊಡ್ಡ ಕೆಲ್ಸದಲ್ಲಿದ್ರಂತೆ, ಬಿಟ್ಬಂದು ಇಲ್ಲೇ ಐಸ್ಕೂಲ್ ಮೇಷ್ಟ್ರಾಗಿದ್ರು. ಮನೆತನ ಒಳ್ಳೇದು, ಯಾವ ತಕರಾರೂ ಇಲ್ಲ, ಕೊಡ್ಬೋದು" ಎಂದರು. ಯಾವುದನ್ನು ಕೊಡಬಹುದು ಎಂದು ನಾನು ಕೇಳಲು ಹೋಗಲಿಲ್ಲ. ಇವರಿಗೆ ಅಷ್ಟು ಸಾಕೇ? ನಿಮ್ಮತ್ತೆ ಹೇಳಿದ್ದು ಒಂದೇ ಮೂಲವಾಯಿತು ಎಂದು ತಗಾದೆ ತೆಗೆದು, ನಮ್ಮ ಚಿಕ್ಕಪ್ಪನನ್ನೂ ವಿಚಾರಿಸಿ, ಅತ್ತೆ ಹೇಳಿದ್ದೇ ನಿಜ ಎಂದು ಗೊತ್ತಾದ ಮೇಲೆಯೇ ಅರಕಲಗೂಡಿನ ಬಸ್ಸು ಹತ್ತಿದ್ದು.

ಹೋದಾಗ ಆ ಹಿರಿಯರು ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಅಲಸಂದೆ ಕಾಯಿ ಬಿಡಿಸುತ್ತಿದ್ದರು. ಮೊಮ್ಮಕ್ಕಳ ಸೈಕಲ್ಲು, ಒಣಗಲು ಹಾಕಿದ ಯೂನಿಫಾರ್ಮು, ಒಳಗೆ ಟೀವಿಯ ಗದ್ದಲ, ತುಂಬಿದ ಮನೆ. ವಯಸ್ಸು ಎಂಬತ್ತರ ಆಸುಪಾಸು, ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ. ಇವರು ತಮ್ಮ ಪರಿಚಯ ಹೇಳಿಕೊಂಡು, ಈ ಸಲ ಮಳೆಯನ್ನೂ ಬೆಳೆಯನ್ನೂ ಬಿಟ್ಟು ನೇರವಾಗಿ ಟಿನ್ ಸಲ್ಫೈಡಿಗೆ ಬಂದರು. ಕಾಯಿ ಬಿಡಿಸುತ್ತಿದ್ದ ಕೈ ನಿಂತಿತು.

"ಆ ನಂಬರಾ," ಎಂದರು. "ಅದು ಇನ್ನೂ ಅದೆಯಾ?"

ಎಲ್ಲ ಕಡೆ ಇದೆ ಸಾ, ಕೈಪಿಡಿಯಲ್ಲಿದೆ, ವೆಬ್‌ಸೈಟಿನಲ್ಲಿದೆ ಎಂದು ಇವರು ಸಂಭ್ರಮದಿಂದ ವಿವರಿಸಿದರು. ಹಿರಿಯರಿಗೆ ಸಂತೋಷವಾದ ಹಾಗೆ ಕಾಣಲಿಲ್ಲ.

"ಬರೀಬ್ಯಾಡಿ ಮೇಷ್ಟ್ರೇ. ಅದು ಒಂದೇ ಸಲ ಅಳೆದಿದ್ದು."

ಆಮೇಲೆ ಅವರು ಹೇಳಿದ್ದು ಇಷ್ಟು. ಎಷ್ಟೋ ಸಲ ಅಳೆದು ಸರಾಸರಿ ತೆಗೆಯಬೇಕಾದದ್ದು ಅದು. ಮೊದಲ ಅಳತೆ ಬಂದು, ಅದನ್ನು ಬರೆದುಕೊಳ್ಳುತ್ತಿದ್ದ ಹೊತ್ತಿಗೆ ಊರಿನಿಂದ ತಂತಿ ಬಂತು. ಹೆಂಡತಿಗೆ ಹೆರಿಗೆ ಕಷ್ಟವಾಗಿದೆ, ಕೂಡಲೇ ಬಾ ಎಂದು. ಇದ್ದ ಬಟ್ಟೆಯಲ್ಲೇ ರೈಲು ಹತ್ತಿದರು. ತಾಯಿ ಮಗು ಇಬ್ಬರೂ ಉಳಿದರು, ಆದರೆ ಹೆಂಡತಿ ಹಾಸಿಗೆ ಬಿಟ್ಟೇಳಲು ಬಹಳ ಕಾಲ ಹಿಡಿಯಿತು. ಬಿಟ್ಟುಹೋಗಲು ಮನಸ್ಸಾಗದೆ ಅಲ್ಲಿಯ ಕೆಲಸಕ್ಕೆ ರಾಜೀನಾಮೆ ಕಳಿಸಿ ಇಲ್ಲೇ ಹೈಸ್ಕೂಲಿಗೆ ಸೇರಿಕೊಂಡರು. ಅಲ್ಲಿದ್ದವರು ಆ ಒಂದೇ ಅಳತೆಯನ್ನು, ಹಿರಿಯರ ಹೆಸರನ್ನೂ ಸೇರಿಸಿ, ಅಚ್ಚು ಹಾಕಿಸಿಬಿಟ್ಟರು. ಯಾರಾದರೂ ಮತ್ತೆ ಅಳೆದೇ ಅಳೆಯುತ್ತಾರೆ ಎಂದು ಹಿರಿಯರು ಅಂದುಕೊಂಡಿದ್ದರಂತೆ. ಇಷ್ಟು ವರ್ಷಕ್ಕೆ ಅದನ್ನು ಕೇಳಿಕೊಂಡು ಬಂದವರು ನಮ್ಮವರೇ ಮೊದಲು.

"ಲೋಕದಲ್ಲಿ ನಂದು ಅಂತ ಉಳ್ಕಂಡಿರೋದು ಅದೊಂದೇ ಅಂಕಿ. ಅದೂ ಓಡೋಗೋ ಅವಸರದಲ್ಲಿ ಬರೆದಿದ್ದು. ಯಾರಾದ್ರೂ ಅದನ್ನ ನಂಬ್ಕಂಡು ಏನಾದ್ರೂ ಕಟ್ಟಿದ್ರೆ ಅಂತ ಈಗ್ಲೂ ಯೋಚ್ನೆ ಬತ್ತದೆ," ಎಂದರು.

ಅಷ್ಟರಲ್ಲಿ ಅವರ ಮಗಳು ಕಾಫಿ ತಂದರು, ನನಗಿಂತ ಸ್ವಲ್ಪ ದೊಡ್ಡವರು. ಅಂದು ಹುಟ್ಟಿದ ಮಗು ಈಕೆಯೇ ಎಂದು ತಿಳಿಯಿತು. "ಅಪ್ಪನ ಲೆಕ್ಕ ಕೆಡ್ಸಿದವ್ಳು ನಾನೇ ಕಣಕ್ಕ," ಎಂದು ನನ್ನ ಹತ್ತಿರ ನಗುತ್ತಾ ಹೇಳಿದರು. "ಚಿಕ್ಕೋಳಿದ್ದಾಗ್ಲಿಂದ ಕ್ಯೋಳ್ಕಂಡೇ ಬಂದಿವ್ನಿ." ತಮಾಷೆಗೆ ಅಂದಿದ್ದು ಕಣವ್ವ ಎಂದು ಹಿರಿಯರು ಸಣ್ಣ ದನಿಯಲ್ಲಿ ಹೇಳಿದರು. ಮಗಳು ನಕ್ಕರೂ ಅವರು ನಗಲಿಲ್ಲ.

ವಾಪಸು ಬರುವಾಗ, ಇನ್ನೇನು, ಒಂದು ಪಾಯಿಂಟ್ ಎರಡು ಎಂದು ಬರೆದು ಮುಗಿಸಿ ಎಂದೆ. ಅದನ್ನು ಅಳೆದವರು ಯಾರೋ ಗೊತ್ತಿಲ್ಲವಲ್ಲ ಎಂದರು. ಮತ್ತೇನು ಮಾಡುತ್ತೀರಿ ಎಂದರೆ, ನಾನೇ ಅಳೆಯುತ್ತೇನೆ ಎಂದರು! ದಸರಾ ರಜೆಗೆ ಹೆಚ್ಚು ದಿನ ಉಳಿದಿರಲಿಲ್ಲ. ಗೈಡ್ ಮೇಡಂ ತಲೆಯ ಮೇಲೆ ಕೈ ಹೊತ್ತು ಕೂತರಂತೆ. ಆದರೂ ಎಲ್ಲಿಂದಲೋ ಉಪಕರಣ ಎರವಲು ತರಿಸಿಕೊಟ್ಟರು, ಪುಣ್ಯಾತ್ಗಿತ್ತಿ.

ಅಲ್ಲಿಂದ ಮುಂದೆ ಇವರು ಹಾಸನಕ್ಕೆ ಮೊದಲ ಬಸ್ಸಿಗೆ ಹೋಗಿ ಕೊನೆಯ ಬಸ್ಸಿಗೆ ಬರುವುದಾಯಿತು. ಆ ಬಸ್ಸುಗಳಲ್ಲಿ ದಿನಾ ಓಡಾಡುವ ಪರಿಚಯದವರು ಇವರನ್ನು ಅದೇ ಅಂಗಿಯಲ್ಲಿ ಮತ್ತೆ ಮತ್ತೆ ಕಂಡು ನನಗೆ ಫೋನ್ ಮಾಡಿ ಕ್ಷೇಮಸಮಾಚಾರ ಕೇಳಿದರು. ಲ್ಯಾಬಿನಲ್ಲಿ ಫ್ಯಾನ್ ಹಾಕುವಂತಿಲ್ಲ, ಕಿಟಕಿ ತೆಗೆಯುವಂತಿಲ್ಲ, ಗಾಳಿ ಆಡಿದರೆ ಅಳತೆ ಕೆಡುತ್ತದಂತೆ. ಕರೆಂಟು ಹೋದರೆ ಮೊದಲಿಂದ ಶುರು. ಒಂದು ದಿನ ಊಟದ ಡಬ್ಬಿ ತೆಗೆದುಕೊಂಡು ನಾನೇ ಹೋದೆ. ಬೆವರಿನಲ್ಲಿ ತೊಯ್ದು ಉಪಕರಣದ ಮುಂದೆ ಕೂತಿದ್ದರು. ಪಕ್ಕದಲ್ಲಿ ಹೋಗಿ ನಿಂತೆ. ಸ್ವಲ್ಪ ದೂರ ಹೋಗೆ, ನೀನು ಹತ್ತಿರ ನಿಂತರೆ ಟೆಂಪರೇಚರ್ ಏರುತ್ತದೆ ಎಂದರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ನನಗೆ ಹೇಳಿದ ಅತ್ಯಂತ ಶೃಂಗಾರದ ಮಾತು ಅದೇ, ಅದೂ ದೂರು! ಮಾತಿಗೆ ಮರುಳಾಗಿ ಸ್ವಲ್ಪ ಹೊತ್ತು ಅಲ್ಲೇ ನಿಂತೆ, ಆಮೇಲೆ ಕಾರಿಡಾರಿಗೆ ಹೋಗಿ ಕೂತೆ.

ಕೊನೆಗೂ ಅಂಕಿ ಬಂತು. ಎಷ್ಟು ಸಲ ಅಳೆದರೂ ಒಂದು ಪಾಯಿಂಟ್ ಎರಡರ ಅಕ್ಕಪಕ್ಕವೇ. ಕೋಷ್ಟಕವನ್ನು ನಾನು ಗಟ್ಟಿಯಾಗಿ ಓದುವುದು, ಅವರು ಟಿಕ್ ಹಾಕುವುದು, ಹೀಗೆ ಇಬ್ಬರೂ ಸೇರಿ ತಾಳೆ ನೋಡಿದೆವು. ಒಂದು ಪಾಯಿಂಟ್ ಎರಡು ಎಂದು ನನ್ನ ಬಾಯಾರೆ ಓದಿದ್ದೇನೆ. ಹಿರಿಯರ ಒಂದು ಪಾಯಿಂಟ್ ಎಂಟನ್ನು ಪಕ್ಕದಲ್ಲೇ ಬರೆದು, ಇದು ಒಮ್ಮೆ ಮಾತ್ರ ಅಳೆದದ್ದು ಎಂದಿದ್ದರು. ತಪ್ಪು ಎಂದು ಎಲ್ಲೂ ಬರೆದಿರಲಿಲ್ಲ. ಬೈಂಡಿಂಗಿನವನ ಅಂಟು ಇನ್ನೂ ಹಸಿಯಾಗಿರುವಾಗಲೇ ಥೀಸಿಸ್ ಹೊತ್ತುಕೊಂಡು ಓಡಿ, ವಾಯಿದೆಯ ಕೊನೆಯ ದಿನ ಆಫೀಸು ಮುಚ್ಚುವ ಹೊತ್ತಿಗೆ ಒಪ್ಪಿಸಿದರು. ಬಂದವರೇ ಮಧ್ಯಾಹ್ನದ ತಣ್ಣಗಿನ ಅನ್ನವನ್ನು ಸಾರಿನಲ್ಲಿ ಕಲಸಿಕೊಂಡು ಗಬಗಬ ತಿಂದರು. ನಾನು ಅಡುಗೆಮನೆಗೆ ಹೋಗಿ ಯಾರಿಗೂ ಕಾಣದ ಹಾಗೆ ಸ್ವಲ್ಪ ಅತ್ತೆ.

ಆಯುಧಪೂಜೆ ಆದ ಮೇಲೆ, ಅರಕಲಗೂಡಿಗೆ ಹೋಗಿಬರೋಣ, ಅವರಿಗೊಂದು ಮಾತು ಹೇಳಬೇಕು ಎಂದು ಇವರು ಹೊರಟರು. ಒಂದು ಪಾಯಿಂಟ್ ಎರಡು ಎಲ್ಲಿ, ಒಂದು ಪಾಯಿಂಟ್ ಎಂಟು ಎಲ್ಲಿ! ಈ ಮನುಷ್ಯನಿಗೆ ಮುಚ್ಚಿಟ್ಟು ಮಾತಾಡಲು ಬರುವುದಿಲ್ಲ. ಥೀಸಿಸ್ ಕೊಟ್ಟಾಯಿತು ಎಂದಷ್ಟೇ ಹೇಳಿ, ಅಂಕಿಯ ಮಾತು ತೆಗೆಯಬೇಡಿ ಎಂದು ಬಸ್ಸಿನುದ್ದಕ್ಕೂ ಹೇಳಿಕೊಟ್ಟೆ. ಅವರೇ ಕೇಳಿದರೆ ಏನು ಮಾಡಲಿ ಎಂದರು.

ಹಿರಿಯರು ನಮ್ಮ ದನಿ ಗುರುತು ಹಿಡಿದರು. ಕೂತುಕೊಳ್ಳಲೂ ಬಿಡಲಿಲ್ಲ.

"ಅಳೆದ್ರಾ ಮೇಷ್ಟ್ರೇ? ಏನ್ ಬಂತು?"

ಕಡಲೆಪುರಿಯ ತಟ್ಟೆ ಹಿಡಿದು ಬರುತ್ತಿದ್ದ ಮಗಳು ಬಾಗಿಲಲ್ಲೇ ನಿಂತರು. ನಮ್ಮವರು ಹಿರಿಯರ ಮುಖ ನೋಡಿದರು. ಮಗಳ ಮುಖ ನೋಡಿದರು. ನಾನು ಕಣ್ಣು ಮುಚ್ಚಿಕೊಂಡೆ.

"ಅದೇ ಬಂತು ಸಾ," ಎಂದರು. "ನೀವು ಬರೆದಿದ್ದೇ."

"ಪಾಯಿಂಟ್ ಆದ್ಮೇಲಿಂದು?"

"ಅದೂ ಅಷ್ಟೇ. ಎಂಟೇ ಬಂತು ಸಾ."

ಹಿರಿಯರು, "ಅಂಗಾದ್ರೆ ಅವತ್ತು ನಾನು ಎದ್ದು ಬಂದಿದ್ರಿಂದ ಏನೂ ಕೆಟ್ಟಿಲ್ಲ ಅನ್ನಿ," ಎಂದರು. ಮಗಳು ನಿಂತಿದ್ದ ಕಡೆಗೆ ಅಂದಾಜಿನಲ್ಲಿ ಕೈ ಚಾಚಿದರು. "ಕ್ಯೋಳಿಸ್ಕಂಡ್ಯೇನವ್ವಾ? ನೀನು ಏನೂ ಕೆಡಿಸ್ಲಿಲ್ಲ."

ಆಕೆ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಅಪ್ಪನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಪಕ್ಕದಲ್ಲಿ ಕೂತರು. ಕಾಫಿ ಮಾಡುವುದನ್ನು ಆ ಮನೆಯಲ್ಲಿ ಅವತ್ತು ಎಲ್ಲರೂ ಮರೆತರು.

ವಾಪಸು ಬರುವಾಗ ಬಸ್ಸಿನಲ್ಲಿ ಇವರು ಕಿಟಕಿಯ ಕಡೆ ಮುಖ ಮಾಡಿ, ಏನೋ ಕದ್ದುಕೊಂಡು ಬಂದವರ ಹಾಗೆ ಕೂತಿದ್ದರು. ರೇಗಿಸಲು ನನ್ನ ಬಾಯಲ್ಲಿ ಮಾತು ಸಿದ್ಧವಾಗಿತ್ತು. ಆದರೆ ಅವರ ಮುಖ ನೋಡಿ ಅದನ್ನು ನುಂಗಿಕೊಂಡೆ. ನನಗೆ ಗೊತ್ತಿದ್ದಂತೆ ಅದು ಅವರು ಹೇಳಿದ ಮೊದಲ ಸುಳ್ಳು. ಈ ಮನುಷ್ಯನ ಮೇಲೆ ನನಗೆ ಎಷ್ಟು ಪ್ರೀತಿ ಇದೆ ಎಂದು ನನಗೇ ತಿಳಿದದ್ದು ಆ ಬಸ್ಸಿನಲ್ಲಿ.

"ತಪ್ಪು ಮಾಡ್ದೆ ಅಲ್ವೇನೆ?" ಎಂದು ಕಿಟಕಿಗೇ ಕೇಳಿದರು.

ಎದುರು ಸೀಟಿನಲ್ಲಿ ನನ್ನ ಶಾಲೆಯ ಹುಡುಗಿಯರಿದ್ದರು, ಇರಲಿ ಎಂದುಕೊಂಡೆ. ಅವರ ಕೈ ಹಿಡಿದುಕೊಂಡು, ಇಲ್ಲ ಕಣ್ರೀ ಎಂದೆ. ಹೊಳೆನರಸೀಪುರ ಬರುವವರೆಗೂ ಆ ಕೈ ಬಿಡಲಿಲ್ಲ.